ಸೊನ್ನೆ ಬಿಲ್ಲಿನ ಮನೆಗೆ ಸೋಲಾರ್ ಬೇಕಾ?

ಹೋದ ರಜೆಯಲ್ಲಿ ನಾವು ಮೂರು ಜನ ಪೆರೇಸಂದ್ರದ ಗೆಳೆಯನ ಮನೆಗೆ ಹೋಗಿದ್ದೆವು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬರು ಫೈಲು ಹಿಡ್ಕೊಂಡು ಬಂದರು. ಮನೆ ಮೇಲೆ ಸೋಲಾರ್ ಹಾಕಿಸಿ, ಸರ್ಕಾರ 78 ಸಾವಿರ ಸಬ್ಸಿಡಿ ಕೊಡುತ್ತೆ, ಉಳಿದಿದ್ದಕ್ಕೆ ಸಾಲ ಸಿಗುತ್ತೆ, ಇನ್ಮೇಲೆ ಕರೆಂಟ್ ಬಿಲ್ ಸೊನ್ನೆ ಅಂತ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ವಿವರಿಸಿದರು. ಗೆಳೆಯನ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಬಿಲ್ಲು ತೆಗೆದು ತೋರಿಸಿ, "ನಮಗೆ ಈಗಲೇ ಸೊನ್ನೆ ಬರ್ತಾ ಇದೆಯಲ್ಲಪ್ಪಾ, ಇನ್ನೆಷ್ಟು ಸೊನ್ನೆ ಮಾಡ್ತೀರಿ?" ಅಂದರು.

ಬಂದವರು ನಕ್ಕರು, ನಾವೂ ನಕ್ಕೆವು. ಅವರು ಹೋದ ಮೇಲೆ ಅಪ್ಪ ನಮ್ಮ ಕಡೆ ತಿರುಗಿ, "ನೀವು ಇದನ್ನೇ ಓದ್ತಾ ಇದ್ದೀರಲ್ಲ, ಹೇಳಿ. ಹಾಕಿಸೋದಾ, ಬೇಡ್ವಾ?" ಅಂತ ಕೇಳಿದರು. ಅವರ ಹತ್ರ ಇದ್ದದ್ದು ಮಗಳ ಕಾಲೇಜು ಫೀಸಿಗೆ ಅಂತ ಎತ್ತಿಟ್ಟ ದುಡ್ಡು. ಇನ್ವರ್ಟರಿನ ಸರ್ಕ್ಯೂಟ್ ಬರೆಯೋಕೆ ಬರುವ ನಮಗೆ ಈ ಪ್ರಶ್ನೆಗೆ ಉತ್ತರ ಹೇಳೋಕೆ ಬರಲಿಲ್ಲ. ಆವತ್ತು ಮಧ್ಯಾಹ್ನ ಪೇಪರು ಪೆನ್ನು ಹಿಡಿದು ಕೂತೆವು. ಅಲ್ಲಿ ಕಂಡದ್ದನ್ನು, ಆಮೇಲೆ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಸೊನ್ನೆ ಬಿಲ್ಲಿನ ಲೆಕ್ಕ. 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ನಿಜದಲ್ಲಿ 200 ಅನ್ನೋದು ಮೇಲಿನ ಮಿತಿ. ಸಾಮಾನ್ಯವಾಗಿ ಒಂದು ಮನೆಗೆ ಸಿಗುವುದು 2022-23ರಲ್ಲಿ ಆ ಮನೆ ಬಳಸಿದ ಸರಾಸರಿ, ಅದರ ಮೇಲೆ ಶೇ 10. ಆ ಲೆಕ್ಕ ದಾಟಿದರೆ ಹೆಚ್ಚಾದ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಗೆಳೆಯನ ಮನೆಯಲ್ಲಿ ತಿಂಗಳಿಗೆ 80, 90 ಯೂನಿಟ್ ಅಷ್ಟೇ. ಅಂಥ ಮನೆಗೆ ಚಾವಣಿ ತುಂಬ ಪ್ಯಾನಲ್ ಹಾಕಿದರೂ ಬಿಲ್ಲಿನಲ್ಲಿ ಉಳಿಯುವ ದುಡ್ಡು ಸೊನ್ನೆಯಿಂದ ಸೊನ್ನೆ ಕಳೆದಷ್ಟೇ. ಹೆಚ್ಚಾದ ಕರೆಂಟನ್ನು ಗ್ರಿಡ್‌ಗೆ ಮಾರಿದರೆ ಒಂದಿಷ್ಟು ಬರುತ್ತೆ. ಆದರೆ ನಾವು ಕೊಳ್ಳುವ ದರಕ್ಕೂ ನಮ್ಮಿಂದ ಕೊಳ್ಳುವ ದರಕ್ಕೂ ಬಹಳ ಅಂತರವಿದೆ. 2013ರಲ್ಲಿ ನಮ್ಮ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಚಾವಣಿಯ ಸೌರ ವಿದ್ಯುತ್ತಿಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ಕೊಡಿಸಿತ್ತು. ಆಗ ಹಾಕಿಸಿದವರ ಕಥೆಯನ್ನು ಇವತ್ತು ಹೇಳಿ ಮಾರುವವರು ಇದ್ದಾರೆ. ಪ್ಯಾನಲ್ ಬೆಲೆ ಇಳಿದ ಹಾಗೆ ಆ ದರವೂ ಇಳಿದು ಈಗ ಅದರ ಅರ್ಧವೂ ಇಲ್ಲ.

ಇನ್ನು ಬಿಲ್ಲು ಕಟ್ಟುವ ಮನೆ. ತಿಂಗಳಿಗೆ 300 ಯೂನಿಟ್ ಬಳಸುವ, 3 ಕಿಲೋವಾಟ್ ಮಂಜೂರಾತಿ ಇರುವ ಒಂದು ಮನೆ ಅಂತ ಇಟ್ಕೊಳ್ಳೋಣ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಂತೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಅಂದರೆ 1,740 ರೂಪಾಯಿ. ವಿದ್ಯುತ್ ಸಿಬ್ಬಂದಿಯ ಪಿಂಚಣಿ, ಗ್ರಾಚ್ಯುಟಿಗೆ ಅಂತ ಯೂನಿಟ್‌ಗೆ 36 ಪೈಸೆ, ಅದು 108 ರೂಪಾಯಿ. ಬಳಕೆಯ ಮೇಲೆ ಶೇ 9 ತೆರಿಗೆ ಸುಮಾರು 157. ಎಲ್ಲಾ ಸೇರಿ ಎರಡು ಸಾವಿರದ ಹತ್ತಿರ. ಇದರ ಮೇಲೆ ನಿಗದಿತ ಶುಲ್ಕ ಕಿಲೋವಾಟ್‌ಗೆ 145ರಂತೆ 435 ರೂಪಾಯಿ.

3 ಕಿಲೋವಾಟ್ ಪ್ಯಾನಲ್ ನಮ್ಮ ಬಯಲುಸೀಮೆಯ ಬಿಸಿಲಿಗೆ ಸರಾಸರಿ ದಿನಕ್ಕೆ ಹನ್ನೆರಡು ಯೂನಿಟ್ ಕೊಡುತ್ತೆ. ತಿಂಗಳಿಗೆ 350ರ ಆಸುಪಾಸು. ಖರ್ಚು 1 ಲಕ್ಷ 80 ಸಾವಿರ ಅಂದುಕೊಂಡರೆ, ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಸಬ್ಸಿಡಿ 78 ಸಾವಿರ ಕಳೆದು, ಕೈಯಿಂದ ಹೋಗುವುದು 1 ಲಕ್ಷ 2 ಸಾವಿರ. ತಿಂಗಳಿಗೆ ಎರಡು ಸಾವಿರ ಉಳಿದರೆ ನಾಲ್ಕೂಕಾಲು ವರ್ಷಕ್ಕೆ ಅಸಲು ವಾಪಸ್. ಪ್ಯಾನಲ್ 25 ವರ್ಷ ಬಾಳಿಕೆ ಬರುತ್ತೆ. ಅಂಥ ಮನೆಯವರು ಕೇಳಿದರೆ ನಾವು ಧೈರ್ಯವಾಗಿ ಹಾಕಿಸಿ ಅಂತಲೇ ಹೇಳುತ್ತೇವೆ.

ಅಂದರೆ ಒಂದೇ ಬೀದಿಯ ಎರಡು ಮನೆಗೆ ಎರಡು ಉತ್ತರ. ಹೆಚ್ಚು ಕರೆಂಟ್ ಉರಿಸುವ ಮನೆಗೆ ಸೋಲಾರ್ ಲಾಭ, ಮಿತವಾಗಿ ಬಳಸುವ ಮನೆಗೆ ಸಾಲ. ಇದನ್ನು ಮಾರೋಕೆ ಬರುವವರು ಹೇಳುವುದಿಲ್ಲ.

ಆ ಬಿಲ್ಲಿನಲ್ಲಿ ಇನ್ನೊಂದು ಸಂಗತಿ ನಮ್ಮ ಕಣ್ಣಿಗೆ ಬಿತ್ತು. 2025ರಲ್ಲಿ ಯೂನಿಟ್ ದರ 5.90ರಿಂದ 5.80ಕ್ಕೆ ಇಳಿಯಿತು. ಹತ್ತು ಪೈಸೆ ಇಳಿದದ್ದು ಸಂತೋಷವೇ. ಆದರೆ ಅದೇ ಆದೇಶದಲ್ಲಿ ನಿಗದಿತ ಶುಲ್ಕ ಕಿಲೋವಾಟ್‌ಗೆ 120ರಿಂದ 145ಕ್ಕೆ ಏರಿತು. ಯೂನಿಟ್ ಅನ್ನೋದು ನಾವು ಬಳಸಿದ್ದಕ್ಕೆ ಕೊಡುವ ದುಡ್ಡು. ನಿಗದಿತ ಶುಲ್ಕ ಬಳಸಿದರೂ ಬಳಸದೇ ಇದ್ದರೂ ಕೊಡುವ ದುಡ್ಡು. ಮನೆಗೆ ಬೀಗ ಹಾಕಿ ತಿರುಪತಿಗೆ ಹೋದರೂ ಅದು ಬರುತ್ತೆ. ಸೋಲಾರ್ ಕಡಿಮೆ ಮಾಡುವುದು ಯೂನಿಟ್ ಭಾಗವನ್ನು ಮಾತ್ರ. ಹಾಗಾಗಿ ಏರಿಕೆಯೆಲ್ಲ ನಿಗದಿತ ಶುಲ್ಕದ ಕಡೆಗೇ ಹೋಗುತ್ತಾ ಇದ್ದರೆ, ನಾಲ್ಕೂಕಾಲು ವರ್ಷದ ನಮ್ಮ ಲೆಕ್ಕ ಐದಾಗಬಹುದು, ಆರಾಗಬಹುದು. 'ಬಿಲ್ ಸೊನ್ನೆ' ಅನ್ನುವ ಮಾತು ಅಷ್ಟರ ಮಟ್ಟಿಗೆ ಸುಳ್ಳು.

ಇದರಲ್ಲಿ ಬರೀ ಮೋಸ ಹುಡುಕುವುದೂ ಸರಿಯಲ್ಲ. ಸೋಲಾರ್ ಮನೆಗೂ ರಾತ್ರಿ ಗ್ರಿಡ್ ಬೇಕು. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್, ಇವೆಲ್ಲಕ್ಕೂ ಖರ್ಚಿದೆ. ದೊಡ್ಡ ಮನೆಗಳು ಯೂನಿಟ್ ಕೊಳ್ಳೋದು ಬಿಟ್ಟ ಹಾಗೆ ಆ ಖರ್ಚನ್ನು ಉಳಿದವರು ಹೊರಬೇಕಾಗುತ್ತೆ. ಉಳಿದವರು ಅಂದರೆ ಚಾವಣಿ ಇಲ್ಲದವರು. ಬಾಡಿಗೆ ಮನೆಯವರು, ಶೀಟಿನ ಮನೆಯವರು, ಮೂರು ಜನ ಅಣ್ಣತಮ್ಮಂದಿರ ಜಂಟಿ ಖಾತೆಯ ಮನೆಯವರು. ಪಾವಗಡದ ಸೋಲಾರ್ ಪಾರ್ಕ್ ನಮಗೆ ದೂರವೇನಲ್ಲ. 13 ಸಾವಿರ ಎಕರೆ, 2,050 ಮೆಗಾವಾಟ್. ಅಲ್ಲಿ ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ಬಾಡಿಗೆ ನಿಗದಿಯಾಯಿತು. ಆ ಜಮೀನಿನಲ್ಲಿ ಕೂಲಿ ಮಾಡ್ತಿದ್ದವರಿಗೆ ಬಾಡಿಗೆ ಬರೋದಿಲ್ಲ. ಬಿಸಿಲು ಎಲ್ಲರದ್ದು, ಆದರೆ ಅದು ಬೀಳುವ ಜಾಗ ಯಾರದ್ದೋ ದುಡ್ಡು ಅವರದ್ದು. ಚಾವಣಿಯ ವಿಷಯದಲ್ಲೂ ಇದೇ ಆಗುತ್ತಾ ಇದೆ.

ಚಾವಣಿ ಇದ್ದವರಿಗೂ ಕೆಲವು ಸಂಗತಿ ಮೊದಲೇ ಗೊತ್ತಿರಬೇಕು. ಪೆರೇಸಂದ್ರದ ಸುತ್ತಮುತ್ತ ಮನೆ ಮೇಲಿನ ಜಾಗ ಖಾಲಿ ಜಾಗ ಅಲ್ಲ. ಮುಸುಕಿನ ಜೋಳ, ರಾಗಿ, ಹುಣಸೆಹಣ್ಣು ಒಣಗೋದು ಅಲ್ಲೇ. ಹೆದ್ದಾರಿಯ ದೂಳು, ಜೋಳದ ಹೊಟ್ಟು ಪ್ಯಾನಲ್ ಮೇಲೆ ಕೂತರೆ ಉತ್ಪಾದನೆ ಇಳಿಯುತ್ತೆ. ತೊಳೆಯೋಣ ಅಂದರೆ ನಮ್ಮ ಕಡೆಯ ಬೋರ್‌ವೆಲ್ ನೀರು ಗಡುಸು, ಒಣಗಿದ ಮೇಲೆ ಗಾಜಿನ ಮೇಲೆ ಬಿಳಿ ಕಲೆ ಬಿಡುತ್ತೆ. ಬೆಳಗಿನ ಜಾವ ಪ್ಯಾನಲ್ ತಣ್ಣಗಿರುವಾಗ, ಸಾಧ್ಯವಾದರೆ ಹಿಡಿದಿಟ್ಟ ಮಳೆನೀರಿನಲ್ಲಿ ತೊಳೆದು ಬಟ್ಟೆಯಿಂದ ಒರೆಸುವುದು ಒಳ್ಳೆಯದು.

ಎಲ್ಲಕ್ಕಿಂತ ದೊಡ್ಡ ನಿರಾಸೆ ಬೇರೆ ಇದೆ. ಸೋಲಾರ್ ಹಾಕಿಸಿದರೆ ಕರೆಂಟ್ ಹೋದಾಗಲೂ ಮನೆಯಲ್ಲಿ ಕರೆಂಟ್ ಇರುತ್ತೆ ಅಂತ ಎಲ್ಲರೂ ನಂಬಿದ್ದಾರೆ. ಬ್ಯಾಟರಿ ಇಲ್ಲದ, ಗ್ರಿಡ್‌ಗೆ ಜೋಡಿಸಿದ ಸೋಲಾರ್ ಹಾಗಲ್ಲ. ಲೈನ್ ಹೋದ ಕೂಡಲೇ ಅದರ ಇನ್ವರ್ಟರೂ ತಾನಾಗಿ ನಿಲ್ಲುತ್ತೆ. ನಿಲ್ಲದೇ ಇದ್ದರೆ, ಲೈನ್ ಆಫ್ ಆಗಿದೆ ಅಂತ ನಂಬಿ ಕಂಬ ಹತ್ತಿದವನಿಗೆ ನಮ್ಮ ಮನೆಯ ಕರೆಂಟ್ ಹೊಡೆಯುತ್ತೆ. ಅದು ಜೀವ ಉಳಿಸುವ ವ್ಯವಸ್ಥೆ, ಇರಲೇಬೇಕು. ಆದರೆ ಮಧ್ಯಾಹ್ನ ಸುಡುಬಿಸಿಲಿನಲ್ಲಿ, ತಲೆ ಮೇಲೆ ಪ್ಯಾನಲ್ ಇಟ್ಕೊಂಡು ಫ್ಯಾನ್ ಇಲ್ಲದೆ ಕೂತವರಿಗೆ ಇದನ್ನು ಹಾಕಿಸುವ ಮೊದಲು ಹೇಳಬೇಕಿತ್ತು.

ಈಗ ಸ್ಮಾರ್ಟ್ ಮೀಟರಿನ ಮಾತಿಗೆ ಬರೋಣ. 2025ರ ಫೆಬ್ರವರಿಯಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಹಾಕೋಕೆ ಶುರು ಮಾಡಿತು. ಸಾವಿರ ರೂಪಾಯಿ ಒಳಗೆ ಸಿಗುತ್ತಿದ್ದ ಸಿಂಗಲ್ ಫೇಸ್ ಮೀಟರಿನ ಜಾಗದಲ್ಲಿ ಐದು ಸಾವಿರದ ಹತ್ತಿರದ ಮೀಟರ್ ಬಂದಾಗ ಗಲಾಟೆಯಾಯಿತು, ವಿಷಯ ಹೈಕೋರ್ಟ್ ತನಕ ಹೋಯಿತು. ಬೆಲೆಯ ಜಗಳ ನ್ಯಾಯವಾದದ್ದೇ. ಆದರೆ ಆ ಜಗಳದಲ್ಲಿ, ಈ ಮೀಟರ್ ಮಾಡುವ ಕೆಲಸ ಏನು ಅನ್ನುವ ಪ್ರಶ್ನೆ ಹಿಂದೆ ಸರಿದುಬಿಟ್ಟಿತು.

ಹಳೇ ಮೀಟರಿಗೆ ಗೊತ್ತಿದ್ದದ್ದು ತಿಂಗಳಿಗೆ ಎಷ್ಟು ಯೂನಿಟ್ ಅನ್ನೋದು ಮುಖ್ಯವಾಗಿ. ಹೊಸದು 15 ಅಥವಾ 30 ನಿಮಿಷಕ್ಕೊಮ್ಮೆ ಬಳಕೆ ಬರೆದಿಟ್ಕೊಂಡು ದೂರದ ಕಂಪ್ಯೂಟರಿಗೆ ಕಳಿಸುತ್ತೆ. ನಾವು ಎಷ್ಟೊತ್ತಿಗೆ ಏಳುತ್ತೇವೆ, ಯಾವಾಗ ಮನೆಯಲ್ಲಿ ಇರೋದಿಲ್ಲ ಅನ್ನುವುದೂ ಅದರಲ್ಲಿ ಕಾಣುತ್ತೆ. ಬೆಳಗ್ಗೆ ಆರೂವರೆಗೆ ಗೀಸರ್, ಮಿಕ್ಸಿ, ಸಂಪಿನ ಮೋಟರ್ ಮೂರೂ ಒಟ್ಟಿಗೆ ಓಡಿದರೆ, ಆ ಹೊತ್ತಿನ ಲೋಡ್ ಮಂಜೂರಾದ ಕಿಲೋವಾಟ್ ದಾಟಿತೇ ಅನ್ನೋದು ಅದಕ್ಕೆ ಗೊತ್ತು. ನಿಗದಿತ ಶುಲ್ಕ ನಿಂತಿರೋದೇ ಕಿಲೋವಾಟ್ ಮೇಲೆ. ಕೇಂದ್ರ ಸರ್ಕಾರ 2023ರಲ್ಲಿ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ, ಸ್ಮಾರ್ಟ್ ಮೀಟರ್ ಹಾಕುವ ಮುಂಚಿನ ಅವಧಿಗೆ ಹೊಸ ಮೀಟರಿನ ಲೋಡ್ ತೋರಿಸಿ ದಂಡ ಹಾಕುವಂತಿಲ್ಲ. ವರ್ಷದಲ್ಲಿ ಕನಿಷ್ಠ ಮೂರು ಸಲ ಮಿತಿ ದಾಟಿದರೆ ಮಾತ್ರ ಮಂಜೂರಾತಿ ಏರಿಸಬಹುದು. ಈ ಎರಡು ವಾಕ್ಯ ನಮ್ಮೂರಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಸೂರ್ಯ ಇರುವ ಎಂಟು ಗಂಟೆಯ ಅವಧಿಗೆ ದರ ಕನಿಷ್ಠ ಶೇ 20 ಕಡಿಮೆ ಇರಬೇಕು, ಸಂಜೆಯ ಒತ್ತಡದ ಹೊತ್ತಿಗೆ ಹೆಚ್ಚು. ಕೃಷಿ ಬಿಟ್ಟು ಉಳಿದ ಸಾಮಾನ್ಯ ಗ್ರಾಹಕರಿಗೆ 2025ರ ಏಪ್ರಿಲ್‌ನಿಂದ ಇದು ಬರಬೇಕು ಅಂತ ಅದರಲ್ಲಿದೆ. ನಾವು ನೋಡಿದ ಆ ಮನೆಯ ಬಿಲ್ಲಿನಲ್ಲಿ ಇಂಥದ್ದು ಕಾಣಲಿಲ್ಲ. ಬಂದರೆ ಮಾತ್ರ ಲೆಕ್ಕವೇ ಬದಲಾಗುತ್ತೆ. ಹಗಲು ಹೊತ್ತಿನಲ್ಲಿ ಮೋಟರ್ ಓಡಿಸಿ, ಹಿಟ್ಟು ರುಬ್ಬಿ, ಬಟ್ಟೆ ಒಗೆದುಕೊಳ್ಳುವ ಮನೆಗೆ ಪ್ಯಾನಲ್ ಇಲ್ಲದೆಯೂ ಸೂರ್ಯನ ಲಾಭ ಸಿಗುತ್ತೆ. ಹಗಲೆಲ್ಲ ಹೂತೋಟಕ್ಕೋ ಗಾರ್ಮೆಂಟ್ಸ್‌ಗೋ ಹೋಗಿ ಸಂಜೆ ಏಳಕ್ಕೆ ಬಂದು ಒಲೆ ಹಚ್ಚುವ ಮನೆಗೆ ಬರೀ ಏರಿಕೆ ಸಿಗುತ್ತೆ. ಆ ಮನೆಯ ಹೆಂಗಸಿಗೆ ಮೀಟರ್ ಸ್ಮಾರ್ಟ್ ಆಗಿ ಏನು ಪ್ರಯೋಜನ?

ನಮ್ಮ ಅಭಿಪ್ರಾಯ ಇಷ್ಟು. ಮೀಟರ್ ನಮ್ಮನ್ನು ಇಷ್ಟು ಹತ್ತಿರದಿಂದ ನೋಡುವುದಾದರೆ, ಅದು ನೋಡಿದ್ದನ್ನು ನಮಗೂ ತೋರಿಸಬೇಕು. ಅರ್ಧ ಗಂಟೆಯ ಲೆಕ್ಕ ಮನೆಯವರಿಗೆ ಸರಳ ಕನ್ನಡದಲ್ಲಿ ಸಿಗಬೇಕು. ಆ್ಯಪ್ ಇಲ್ಲದವರಿಗೆ ಬಿಲ್ಲಿನ ಹಿಂದೆ ಅಚ್ಚಾಗಲಿ. ಬಳಸಿದ್ದಕ್ಕೆ ಎಷ್ಟು, ಬಳಸದೇ ಇದ್ದರೂ ಕಟ್ಟಬೇಕಾದ್ದು ಎಷ್ಟು ಅಂತ ಬಿಲ್ಲು ಎರಡೇ ಸಾಲಿನಲ್ಲಿ ಹೇಳಲಿ. ಸೋಲಾರ್ ಮಾರುವವರು ಸಹಿ ಹಾಕಿಸುವ ಮೊದಲು ಆ ಮನೆಯದೇ ಹನ್ನೆರಡು ತಿಂಗಳ ಬಿಲ್ಲು ಇಟ್ಟು ಲೆಕ್ಕ ಬರೆದುಕೊಡಲಿ. ಚಾವಣಿ ಇಲ್ಲದವರಿಗೆ ಶಾಲೆ, ಡೇರಿ, ಪಂಚಾಯಿತಿ ಕಟ್ಟಡದ ಮೇಲಿನ ಪ್ಯಾನಲ್‌ನಲ್ಲಿ ಪಾಲು ಸಿಗುವ ದಾರಿ ಹುಡುಕಲಿ.

ನಮ್ಮ ಹಳೇ ಕೋಲಾರ ಜಿಲ್ಲೆಗೆ ಶಿವನಸಮುದ್ರದ ಕರೆಂಟ್ ಬಂದದ್ದು 1902ರಲ್ಲಿ, ಬೆಂಗಳೂರಿನ ಬೀದಿದೀಪಕ್ಕೂ ಮೂರು ವರ್ಷ ಮೊದಲು. ಬಂದದ್ದು ಚಿನ್ನದ ಗಣಿಗೆ. ತಂತಿ ಹಾದುಹೋದ ಊರುಗಳವರು ದೀಪಕ್ಕೆ ಬಹಳ ಕಾಲ ಕಾಯಬೇಕಾಯಿತು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಹೆಸರು ಹೇಳಿ ಪ್ರತಿ ಸೆಪ್ಟೆಂಬರ್‌ನಲ್ಲಿ ಹಾರ ಹಾಕುವ ನಾವು, ಅದೇ ಜಿಲ್ಲೆಯ ಒಂದು ಮನೆಯ ಬಿಲ್ಲು ಓದಿ ಹೇಳೋಕೆ ತಡವರಿಸಿದೆವು ಅನ್ನೋದು ನಾಚಿಕೆಯ ಸಂಗತಿ. ಹಾಗಾಗಿ ಈ ಸಲ ರಜೆಗೆ ಊರಿಗೆ ಹೋಗುವ ಪ್ರತಿಯೊಬ್ಬರಿಗೂ ಒಂದು ಕೋರಿಕೆ: ನಿಮ್ಮ ಬೀದಿಯ ಐದು ಮನೆಯ ಬಿಲ್ಲು ನೋಡಿ, ಅವರಿಗೆ ಅರ್ಥವಾಗುವ ಹಾಗೆ ಓದಿ ಹೇಳಿ. ಕನ್ನಡದಲ್ಲೋ ತೆಲುಗಿನಲ್ಲೋ, ಮನೆಯವರಿಗೆ ಹೇಗೆ ಒಗ್ಗುತ್ತೋ ಹಾಗೆ.

ಗೆಳೆಯನ ಅಪ್ಪನಿಗೆ ಆವತ್ತು ಸಂಜೆ ನಾವು ಹೇಳಿದ್ದು: ಈಗ ಬೇಡ. ಫೀಸಿನ ದುಡ್ಡು ಫೀಸಿಗೇ ಇರಲಿ. ಗೃಹಜ್ಯೋತಿ ಬದಲಾದರೆ, ಅಥವಾ ಮನೆಯ ಬಳಕೆ 200 ದಾಟಿದರೆ ಮತ್ತೆ ಕೂತು ಲೆಕ್ಕ ಹಾಕೋಣ. ಅವರು ಆ ಲೆಕ್ಕದ ಹಾಳೆಯನ್ನು ಮಡಚಿ, ಬಿಲ್ಲಿನ ಜೊತೆ ಅದೇ ಮೊಳೆಗೆ ಸಿಕ್ಕಿಸಿದರು.