ಒಂದೇ ಹಂಚು, ಎಲ್ಲರ ಆರೋಗ್ಯ

ದಾವಣಗೆರೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ಬೆಣ್ಣೆದೋಸೆ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳೊಡನೆ ಇಲ್ಲಿಗೆ ಬಂದ ಚೆನ್ನಮ್ಮ ಎಂಬ ತಾಯಿ ಮೊದಲು ಮಾರುತ್ತಿದ್ದುದು ರಾಗಿದೋಸೆಯನ್ನು. ಅಕ್ಕಿ, ಉದ್ದು, ಮಂಡಕ್ಕಿ ಸೇರಿಸಿ ಬೆಣ್ಣೆಯಲ್ಲಿ ಬೇಯಿಸುವ ಇಂದಿನ ರೂಪ ಆಕೆಯ ಮಕ್ಕಳ ಕಾಲದ್ದು ಎಂಬ ಮಾತು ಊರಿನಲ್ಲಿ ಪ್ರಚಲಿತವಾಗಿದೆ. ಹಾಗೆ ನೋಡಿದರೆ ರಾಗಿದೋಸೆ ನಮಗೆ ಹೊಸ ಪಥ್ಯವಲ್ಲ, ಮರೆತುಹೋದ ಅಡುಗೆ.

ನಮ್ಮ ಎಂ.ಸಿ.ಸಿ. ಬಡಾವಣೆಯ ಅನೇಕ ಮನೆಗಳಲ್ಲಿ ಮಕ್ಕಳಿಗೆ ಗರಿಗರಿ ದೋಸೆ, ಮಧುಮೇಹವಿರುವ ಅಜ್ಜನಿಗೆ ಮಾತ್ರ ಒಣರೊಟ್ಟಿಯ ಬೇರೆ ತಟ್ಟೆ. ದಾಸೋಹದಲ್ಲಿ ಪಂಕ್ತಿಭೇದವನ್ನು ಒಪ್ಪದ ನಾವು ಕಾಯಿಲೆಯ ಹೆಸರಿನಲ್ಲಿ ಮನೆಯೊಳಗೆ ಅದನ್ನೇ ಆಚರಿಸುವುದು ತರವಲ್ಲ. ಬೇರೆ ಕೂರಿಸಿದ ಹಿರಿಯರು ಸಂಜೆ ವಾಯುವಿಹಾರದ ನೆಪದಲ್ಲಿ ಹೋಟೆಲಿಗೆ ಹೋದರೆ ಅವರನ್ನಷ್ಟೇ ದೂರಿ ಫಲವೇನು? ಬದಲಾಗಬೇಕಾದುದು ತಟ್ಟೆಯಲ್ಲ, ಇಡೀ ಮನೆಯ ಹಿಟ್ಟು.

ಎರಡು ಪಾವು ನವಣೆ, ಒಂದು ಪಾವು ಅಕ್ಕಿ, ಒಂದು ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯ ನೆನೆಸಿ ರುಬ್ಬಿ, ರಾತ್ರಿಯಿಡೀ ಹುಳಿ ಬರಿಸಿದರೆ ಮನೆಮಂದಿಗೆಲ್ಲ ಒಪ್ಪುವ ದೋಸೆಯಾಗುತ್ತದೆ. ಹುಳಿ ಬಂದಾಗ ಧಾನ್ಯದ ಕಬ್ಬಿಣ, ಸತುಗಳು ದೇಹಕ್ಕೆ ಸುಲಭವಾಗಿ ದಕ್ಕುತ್ತವೆ. ಬೆಳೆಯುವ ಮಕ್ಕಳಿಗೆ, ಗರ್ಭಿಣಿಯರಿಗೆ ಇದೇ ಹಿಟ್ಟಿಗೆ ರಾಗಿಹಿಟ್ಟು ಬೆರೆಸಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಮಧುಮೇಹಿಗಳಿಗೆ ಹೆಸರುಕಾಳಿನ ದೋಸೆ ಮೇಲು. ಅದರಲ್ಲಿ ಅಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರೋಟೀನ್ ಇದೆ, ನಾರೂ ಅಧಿಕ. ಗೋಧಿ ಒಗ್ಗದವರು ರವೆ, ಮೈದಾ ಬಿಡುವುದರ ಜೊತೆಗೆ ಇಂಗನ್ನೂ ಗಮನಿಸಬೇಕು. ಅಂಗಡಿಯ ಪುಡಿ ಇಂಗಿಗೆ ಗೋಧಿಹಿಟ್ಟು ಬೆರೆತಿರುವುದುಂಟು. ರಕ್ತದೊತ್ತಡವಿರುವವರು ಹಿಟ್ಟಿಗೂ ಚಟ್ನಿಗೂ ಉಪ್ಪನ್ನು ತಗ್ಗಿಸಲಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನವೊಂದಕ್ಕೆ ಉಪ್ಪು 5 ಗ್ರಾಮಿಗಿಂತ ಕಡಿಮೆ ಇರಬೇಕು.

ಆದರೆ ಒಂದು ಎಚ್ಚರಿಕೆ ಅಗತ್ಯ. 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಸಿರಿಧಾನ್ಯವನ್ನು ಔಷಧಿಯೆಂದೇ ಭಾವಿಸುವವರು ಹೆಚ್ಚಾಗಿದ್ದಾರೆ. ನವಣೆ, ರಾಗಿಗಳಲ್ಲಿಯೂ ಪಿಷ್ಟವೇ ಪ್ರಧಾನ. ಐದಾರು ದೋಸೆ ತಿಂದರೆ ಸಕ್ಕರೆ ಏರದೆ ಇರದು. ಎರಡು ದೋಸೆ, ಬಟ್ಟಲು ತುಂಬ ತರಕಾರಿ ಪಲ್ಯ ಸಾಕು. ಮೂತ್ರಪಿಂಡದ ತೊಂದರೆಯಿರುವವರಿಗೆ ಕಾಳು, ರಾಗಿ ಕೆಲವೊಮ್ಮೆ ಹಿತವಲ್ಲ. ಅವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಯಾರೂ ಗುಳಿಗೆ ಬಿಟ್ಟು ದೋಸೆಯನ್ನು ನಂಬಬಾರದು.

ಬೆಣ್ಣೆಯನ್ನು ನಾವು ದೂಷಿಸುವುದಿಲ್ಲ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಸುಮಾರು 100 ಕ್ಯಾಲೊರಿ ಇರುವುದರಿಂದ ಅದು ಹಬ್ಬದ ದಿನಕ್ಕಿರಲಿ. ನಿತ್ಯಕ್ಕೆ ಹಂಚಿಗೆ ಸವರುವಷ್ಟು ಎಣ್ಣೆ ಸಾಕು. ನಾಳೆ ಬೆಳಗಿನಿಂದ ಅಜ್ಜನೂ ಮೊಮ್ಮಗನೂ ಒಂದೇ ಹಿಟ್ಟಿನ ದೋಸೆಯನ್ನು ಒಟ್ಟಿಗೆ ಕುಳಿತು ಉಣ್ಣುವಂತಾಗಲಿ ಎಂಬುದೇ ಸದ್ಭಕ್ತರಲ್ಲಿ ನಮ್ಮ ವಿನಂತಿ.