ಬರೇ ಮ್ಯೂಸಿಕ್ ಟೀಚರೋ?

ನಮ್ಮ ಊರಿಲಿ ಸಂಗೀತಕ್ಕೆ ಮರ್ಯಾದೆ ಇಲ್ಲೆ ಹೇಳಿ ಆರಾದರೂ ಹೇಳಿರೆ ಆನು ಒಪ್ಪೆ. ಮೂಡುಬಿದಿರೆಲಿ ಆಳ್ವಾಸ್ ವಿರಾಸತ್ ಅಪ್ಪಗ ಬಂಟ್ವಾಳಂದ, ಬೆಳ್ತಂಗಡಿಂದ ಕಾರು ಮಾಡಿಗೊಂಡು ಹೋವ್ತವು, ಇರುಳಾಣ ಚಳಿಲಿ ಕೂದು ಕೇಳ್ತವು. ಭಾಗವತರ ಪದ ಮೊಬೈಲಿಲಿ ಹಾಕಿಗೊಂಡು ಅಡಕ್ಕೆ ಸೊಲಿವ ಮನೆಗೊ ಎಷ್ಟು ಬೇಕು? ಮದುವೆ ಮನೆಲಿ ಶೋಭಾನೆ ಹೇಳ್ಲೆ ನಾಕು ಹೆಮ್ಮಕ್ಕೊ ಇಲ್ಲದ್ದರೆ ಗೌಜಿಯೇ ಇಲ್ಲೆ. ಆದರೆ ಅದೇ ಸಂಗೀತವ ಶಾಲೆಲಿ ಕಲಿಶಿ, ತಿಂಗಳಿಂಗೆ ಸಂಬಳ ತೆಕ್ಕೊಂಬ ಕೂಸು ಒಂದು ಇದ್ದು ಹೇಳಿ ಆದರೆ ಕೇಳುದು ಹೇಂಗೆ? "ಬೇರೆಂತ ಇಲ್ಲೆಯೋ? ಬರೇ ಮ್ಯೂಸಿಕ್ ಟೀಚರೋ?" ಆ 'ಬರೇ' ಹೇಳ್ತ ಶಬ್ದದ ಬಗ್ಗೆ ಎನಗೆ ರಜ ಹೇಳ್ಲೆ ಇದ್ದು. ಅಕ್ಕಂದ್ರು, ಅತ್ತಿಗೆಕ್ಕೊ ಬೇಜಾರು ಮಾಡೆಡಿ.

ಎನ್ನ ತಂಗೆಯ ಮಗಳು ಬಂಟ್ವಾಳ ತಾಲೂಕಿನ ಒಂದು ಪ್ರೈವೇಟು ಶಾಲೆಲಿ ಆರು ವರ್ಷಂದ ಸಂಗೀತ ಕಲಿಶುತ್ತು. ಶಾಲೆಯ ಹೆಸರು ಬೇಡ. ಕೂಸು ಸಣ್ಣಾಗಿಪ್ಪಗಳೇ ಸಂಗೀತಕ್ಕೆ ಹೋಗಿಯೊಂಡಿತ್ತು. ಜೂನಿಯರು ಆತು, ಸೀನಿಯರು ಆತು, ವಿದ್ವತ್ತಿಂಗೂ ಕೂದಿದು. ಒಟ್ಟಿಂಗೆ ಬಿ.ಕಾಂ. ಇದ್ದು. ತಿಂಗಳಿಂಗೆ 11,000 ರೂಪಾಯಿ, ಅದುದೆ ಹತ್ತು ತಿಂಗಳು ಮಾಂತ್ರ. ಎಪ್ರಿಲು ಮೇ ತಿಂಗಳಿಲಿ ಶಾಲೆ ಇಲ್ಲೆ, ಹಾಂಗಾಗಿ ಸಂಬಳವೂ ಇಲ್ಲೆ. ಗಣಿತದ ಟೀಚರಿಂಗೆ ಆ ಎರಡು ತಿಂಗಳಿಂದೂ ಸಿಕ್ಕುತ್ತು, ಅವಕ್ಕೂ ಆವಗ ಶಾಲೆ ಇಲ್ಲೆ. ಇದರ ಲೆಕ್ಕ ಎನಗೆ ಇನ್ನೂ ಅರ್ಥ ಆಯಿದಿಲ್ಲೆ.

ಈ ಮಾರ್ಚಿ ಅಕೇರಿಗೆ ಆಫೀಸಿಂಗೆ ದಿನಿಗೇಳಿ ಹೇಳಿದವಡ, "ಬರುವ ವರ್ಷದಿಂದ ವಾರಕ್ಕೆ ಎರಡು ದಿನ ಬಂದ್ರೆ ಸಾಕು ಟೀಚರ್. ಪಿರೇಡಿನ ಲೆಕ್ಕದಲ್ಲಿ ಕೊಡುವ. ಕಂಪ್ಯೂಟರಿಗೆ ಪಿರೇಡ್ ಸಾಲ್ತಾ ಇಲ್ಲ" ಹೇಳಿ. ಒಂದು ಪಿರೇಡಿಂಗೆ 100 ರೂಪಾಯಿ. ದಿನಕ್ಕೆ ಎಂಟರ ಹಾಂಗೆ ವಾರಕ್ಕೆ 16 ಪಿರೇಡು, 1,600 ರೂಪಾಯಿ. ಅಡಕ್ಕೆ ಕೊಯ್ವಲೆ ಬಪ್ಪವಂಗೆ ನಾವು ಹೆಚ್ಚುಕಮ್ಮಿ ಅಷ್ಟನ್ನೇ ಒಂದು ದಿನಕ್ಕೆ ಕೊಡ್ತು. (ಅವಂಗೆ ಕೊಡುದು ಹೆಚ್ಚಾತು ಹೇಳಿ ಅಲ್ಲ ಮಿನಿಯಾ, ಜೀವ ಕೈಲಿ ಹಿಡ್ಕೊಂಡು ಮರ ಹತ್ತುದು ಅವ.)

ಸುದ್ದಿ ಗೊಂತಾದ ಕೂಡ್ಳೆ ಮನೆಲಿ ಎಲ್ಲೋರದ್ದೂ ಸುರು ಆತು. ಬಿಡು, ಬೇಂಕಿನ ಪರೀಕ್ಷೆ ಬರೆ. ಬಿಡು, ಮನೆಲಿ ಕ್ಲಾಸು ಮಾಡು. ಬಿಡು, ಹೇಂಗೂ ಮದುವೆ ಅಪ್ಪಗ ಬಿಡೆಕ್ಕನ್ನೆ. ಬಿಡು ಹೇಳುವವು ಅದು ಅಲ್ಲಿ ದಿನ ಇಡೀ ಎಂತ ಮಾಡ್ತು ಹೇಳಿ ಒಂದರಿ ಕೇಳಿದ್ದವಿಲ್ಲೆ. ಆನು ಕೇಳಿದೆ. ರಜೆಲಿ ಎಂಗಳಲ್ಲಿ ಎಂಟು ದಿನ ಇದ್ದತ್ತಿದಾ.

ಉದಿಯಪ್ಪಗ ಅಸೆಂಬ್ಲಿ. ಪ್ರಾರ್ಥನೆ, ನಾಡಗೀತೆ, ರಾಷ್ಟ್ರಗೀತೆ. ನವಗೆ ಕಾಂಬದು ಮಕ್ಕೊ ಸಾಲಾಗಿ ನಿಂದು ಹೇಳುದು ಮಾಂತ್ರ. ನಾಡಗೀತೆಯ ಕತೆ ನೋಡಿ. ಕುವೆಂಪು ಬರದ ಈ ಪದ್ಯ ನಾಡಗೀತೆ ಹೇಳಿ ಆದ್ದು 2004ರಲ್ಲಿ. ಅದಕ್ಕೆ ಕೆಲವು ಶಾಲೆಲಿ ಮೈಸೂರು ಅನಂತಸ್ವಾಮಿಯ ಧಾಟಿ, ಇನ್ನು ಕೆಲವು ಕಡೆ ಸಿ. ಅಶ್ವಥ್ ಅವರ ಧಾಟಿ ನಡಕ್ಕೊಂಡಿತ್ತು. 2022ರ ಸೆಪ್ಟೆಂಬರಿಲಿ ಸರಕಾರದ ಆದೇಶ ಬಂತು. ಅನಂತಸ್ವಾಮಿಯ ಧಾಟಿಲೇ ಹೇಳೆಕ್ಕು, ಆಲಾಪ ಬೇಡ, ಹೇಳಿದ ಸಾಲನ್ನೇ ಮತ್ತೆ ಹೇಳುದು ಬೇಡ, 2 ನಿಮಿಷ 30 ಸೆಕೆಂಡಿಲಿ ಮುಗಿಯೆಕ್ಕು. ಇದರ ಮೇಲೆ ಹೈಕೋರ್ಟಿಂಗೆ ಹೋದವು, 2024ರಲ್ಲಿ ಆ ಅರ್ಜಿ ವಜಾ ಆತು. ಪೇಪರಿಲಿ ಎಲ್ಲ ಓದಿದ್ದು ನಾವು. ಆದರೆ ಒಂದು ಧಾಟಿಲಿ ನಾಲಗೆ ತಿರುಗಿದ ಆರುನೂರು ಮಕ್ಕಳ ಇನ್ನೊಂದಕ್ಕೆ ತಂದು ನಿಲ್ಸಿದ್ದು ಆರು? ಬೆಂಗ್ಳೂರಿಂದ ಆದೇಶ ಕಳುಸಿದವು ಅಲ್ಲನ್ನೆ. ಹೊಸ ಪದ ಕಲಿಶುದಕ್ಕಿಂತ ಕಲ್ತದರ ಬಿಡ್ಸುದು ಕಷ್ಟ ಹೇಳ್ತು ಕೂಸು. ಮಾತು ಬಿಟ್ಟ ಚಟ್ಟ ಆದರೂ ಬಿಡ್ಸುಲಕ್ಕು, ಬಾಯಿಗೆ ಬಂದ ಧಾಟಿ ಹಾಂಗಲ್ಲಡ.

ಅದು ಮುಗುದ ಮೇಲೆ ಕ್ಲಾಸುಗೊ. ಒಂದೊಂದು ಕ್ಲಾಸಿಲಿ 45 ಮಕ್ಕೊ, ದಿನಕ್ಕೆ ಆರು ಪಿರೇಡು. ಮೈಕು ಇಲ್ಲೆ. ಶ್ರುತಿಗೆ ಅದರದ್ದೇ ಮೊಬೈಲು. ಒಂದು ಕಛೇರಿ ಮಾಡುವವು ಎರಡು ಗಂಟೆ ಹಾಡಿಕ್ಕಿ ಮರದಿನ ಸ್ವರಕ್ಕೆ ವಿಶ್ರಾಂತಿ ಕೊಡ್ತವು, ಇದಕ್ಕೆ ಮರದಿನವೂ ಆರು ಪಿರೇಡು. ಜೂನಿಲಿ ಮಳೆ ಹಿಡುದರೆ ತಗಡಿನ ಮಾಡಿನ ಅಡಿಲಿ ಮಕ್ಕೊಗೆ ಇದರ ಸ್ವರವೂ ಕೇಳ, ಇದಕ್ಕೆ ಮಕ್ಕಳ ಸ್ವರವೂ ಕೇಳ. ಹೋದ ವರ್ಷ ಗೆಂಟ್ಲು ಕಟ್ಟಿ ಒಂದು ವಾರ ಮಾತೇ ಹೆರಟಿದಿಲ್ಲೆ. ಜೀರಿಗೆ ಕಷಾಯ, ಗೆಣಮೆಣಸಿನ ಹೊಡಿ ಹಾಕಿದ ಹಾಲು, ಎಲ್ಲ ಆತು. ಅಕೇರಿಗೆ ಮಂಗ್ಳೂರಿಂಗೆ ಹೋಗಿ ತೋರ್ಸಿಯಪ್ಪಗ ಡಾಕ್ಟ್ರು ಹೇಳಿದ್ದು ಎಂತರ? "ಬೊಬ್ಬೆ ಹಾಕ್ಬೇಡಿ, ಸಣ್ಣ ಮೈಕ್ ಇಟ್ಕೊಳ್ಳಿ." ಆ ಮೈಕಿನ ಅದರ ಪೈಸೆಲೇ ತೆಗದ್ದು.

ಇನ್ನೊಂದು ವಿಷಯ ಎನಗೆ ಕೇಳಿ ಕೊಶಿ ಆತು. ಏಳನೇ, ಎಂಟನೇ ಕ್ಲಾಸಿನ ಮಾಣಿಯಂಗೊಕ್ಕೆ ಸ್ವರ ಒಡದು ಬಪ್ಪ ಪ್ರಾಯ. ಮದಲು ಲಾಯ್ಕಕ್ಕೆ ಹಾಡಿಗೊಂಡಿದ್ದವಂಗೆ ಒಂದು ದಿನ ಬಾಯಿ ತೆಗದರೆ ಎರಡು ಸ್ವರ ಒಟ್ಟಿಂಗೆ ಹೆರಡ್ತು, ಕ್ಲಾಸು ಇಡೀ ನೆಗೆ ಮಾಡ್ತು. ಅಲ್ಲಿಗೆ ಅವ ಹಾಡುದು ನಿಲ್ಸುತ್ತ, ಮತ್ತೆ ಜೀವಮಾನಲ್ಲಿ ಹಾಡ್ತಾಯಿಲ್ಲೆ. ನಿಂಗಳ ಮನೆಯ ಗೆಂಡುಮಕ್ಕಳತ್ರೆ ಕೇಳಿ ನೋಡಿ, "ಎನಗೆ ಸ್ವರ ಇಲ್ಲೆ" ಹೇಳುಗು. ಈ ಕೂಸು ಆ ಮಾಣಿಯಂಗಳ ತಾಳ ಹಾಕುಲೆ ಕೂರ್ಸುತ್ತು, ಕೆಳಾಣ ಸ್ಥಾಯಿಲಿ ಮೆಲ್ಲಂಗೆ ಹೇಳ್ಸುತ್ತು, ಆರೂ ನೆಗೆ ಮಾಡದ್ದ ಹಾಂಗೆ ನೋಡಿಗೊಳ್ತು. ಆರೇಳು ತಿಂಗಳು ಕಳುದಪ್ಪಗ ಸ್ವರ ಒಂದು ಕಡೆ ನಿಲ್ತಡ. ಇದಕ್ಕೆ ಮಾರ್ಕು ಇಲ್ಲೆ, ಪ್ರೈಸು ಇಲ್ಲೆ. ಸ್ಕೂಲ್ ಡೇಲಿ ತೋರ್ಸುಲೂ ಎಡಿಯ.

ಸ್ಕೂಲ್ ಡೇ ಹೇಳಿದ್ದಕ್ಕೆ ನೆಂಪಾತು. ಈಗ ಎಲ್ಲಿ ನೋಡಿರೂ ಟ್ರ್ಯಾಕು. ಸಿನೆಮಾ ಪದದ ಟ್ರ್ಯಾಕು ಹಾಕುದು, ಮಕ್ಕೊ ಮೈಕಿನ ಬಾಯಿಗೆ ಹಿಡುದು ಬೊಬ್ಬೆ ಹಾಕುದು. ಆ ಟ್ರ್ಯಾಕಿನ ಶ್ರುತಿ ದೊಡ್ಡ ಗಾಯಕರ ಸ್ವರಕ್ಕೆ ಆದ್ದು, ಎಂಟು ವರ್ಷದ ಮಕ್ಕೊಗೆ ಆದ್ದಲ್ಲ. ಮೊಬೈಲಿಲೇ ಶ್ರುತಿ ಬದಲ್ಸುಲೆ ಆವ್ತು, ಆದರೆ ಬದಲ್ಸೆಕ್ಕು ಹೇಳಿ ಗೊಂತಿಪ್ಪದು ಸಂಗೀತ ಗೊಂತಿಪ್ಪವಕ್ಕೆ ಮಾಂತ್ರ. ಎದುರು ಕೂದ ನಾವು ವಿಡಿಯೋ ಮಾಡಿಗೊಂಡು ಚಪ್ಪಾಳೆ ತಟ್ಟುದು. ಮರದಿನ ಶಾಲೆಯ ಜಾಹೀರಾತಿಲಿ ಅದೇ ಮಕ್ಕಳ ಪಟ, ಅಡಿಲಿ 'ಸರ್ವಾಂಗೀಣ ಬೆಳವಣಿಗೆ' ಹೇಳಿ. ಪಟಲ್ಲಿ ಟೀಚರು ಇರ.

ಪ್ರತಿಭಾ ಕಾರಂಜಿಗೆ ಹೆರಡ್ಸುದೂ ಇದೇ. ಭಕ್ತಿಗೀತೆಗೆ ಒಂದು ಮಗು, ಜಾನಪದ ಗೀತೆಗೆ ಒಂದು ಮಗು. ಹೋಪದು ಮನೆಲಿ ಮದಲೇ ಸಂಗೀತ ಕಲ್ತ ಮಕ್ಕೊ. ಒಳುದ ನಲುವತ್ತು ಮಕ್ಕೊ ಎಂತ ಮಾಡೆಕ್ಕು?

ಈಗ ಮನೆಲಿ ಕ್ಲಾಸು ಮಾಡು ಹೇಳುವವರ ಮಾತಿಂಗೆ ಬತ್ತೆ. ಅಪ್ಪು, ಅದರಲ್ಲಿ ಪೈಸೆ ಹೆಚ್ಚು. ಬಿ.ಸಿ.ರೋಡಿಲಿ ಒಂದು ರೂಮು ಮಾಡಿರೆ ತಿಂಗಳಿಂಗೆ ಈಗಾಣದ್ದಕ್ಕಿಂತ ಜಾಸ್ತಿ ಬಕ್ಕು. ಆದರೆ ಅಲ್ಲಿಗೆ ಬಪ್ಪದು ಆರು? ಫೀಸು ಕೊಡ್ಲೆ ಎಡಿವವರ, ಕರಕ್ಕೊಂಡು ಬಪ್ಪಲೆ ಅಬ್ಬೆಕ್ಕೊಗೆ ಪುರ್ಸೊತ್ತು ಇಪ್ಪವರ ಮಕ್ಕೊ. ಹೇಳಿರೆ ನಮ್ಮ ಮಕ್ಕೊ. ಶಾಲೆಲಿ ಹಾಂಗಲ್ಲ. ರಿಕ್ಷಾ ಬಿಡುವವರ ಮಗಳು, ಬೀಡಿ ಕಟ್ಟುವವರ ಮಗ, ಬ್ಯಾರಿಗಳ ಮಕ್ಕೊ, ಪುರ್ಬುಗಳ ಮಕ್ಕೊ, ಎಲ್ಲೋರೂ ಒಂದೇ ಬೆಂಚಿಲಿ. ಸಾಲ ಮಾಡಿ ಪ್ರೈವೇಟು ಶಾಲೆಗೆ ಹಾಕಿದವು ಸಂಗೀತಕ್ಕೆ ಬೇರೆ ಫೀಸು ಎಲ್ಲಿಂದ ತಕ್ಕು? ಆ ಮಕ್ಕೊಗೆ ಶ್ರುತಿ ಹೇಳಿರೆ ಎಂತ ಹೇಳಿ ಗೊಂತಪ್ಪದು ಆ ಒಂದು ಪಿರೇಡಿಲಿ ಮಾಂತ್ರ. ಪದ ಆಯ್ಕೆ ಮಾಡುದರಲ್ಲೂ ಕೂಸಿಂಗೆ ಜಾಗ್ರತೆ ಬೇಕಾವ್ತು. ಎಲ್ಲಾ ಮಕ್ಕಳೂ ಮನಸ್ಸು ಬಿಚ್ಚಿ ಹೇಳುವ ಹಾಂಗಿರೆಕ್ಕು. ವಚನ, ಶಿಶುನಾಳ ಶರೀಫರ ತತ್ವಪದ, ಭಾವಗೀತೆ ಹೇಳಿ ಒಂದು ಪುಸ್ತಕಲ್ಲಿ ಬರದು ಮಡಿಕ್ಕೊಂಡಿದು. ಅದರ ನೋಡಿ ಎನಗೆ ಹೊಟ್ಟೆ ತುಂಬಿದ ಹಾಂಗಾತು.

ಆ ಪಿರೇಡು ಎಷ್ಟು ಗೊಂತಿದ್ದೋ? ಒಂದು ಕ್ಲಾಸಿಂಗೆ ವಾರಕ್ಕೆ ಒಂದು, 40 ನಿಮಿಷ. ಪರೀಕ್ಷೆ, ರಜೆ ಎಲ್ಲ ಕಳುದು ವರ್ಷಕ್ಕೆ 36 ವಾರ ಸಿಕ್ಕಿರೆ ಒಟ್ಟು 24 ಗಂಟೆ. ಇಡೀ ವರ್ಷಲ್ಲಿ ಒಂದು ಹಗಲು, ಒಂದು ಇರುಳು. ಅದರಲ್ಲೂ ಜನವರಿ ಬಂತೋ, "ಪೋರ್ಷನ್ ಮುಗೀಲಿಲ್ಲ" ಹೇಳಿಗೊಂಡು ಗಣಿತದವು, ವಿಜ್ಞಾನದವು ಕೇಳಿ ತೆಕ್ಕೊಳ್ತವು. ಎರಡು ದಿನ ಮಾಡಿರೆ ಅದುದೆ ಹೋತು. ಒಂದರಿಂದ ನಾಕನೇ ಕ್ಲಾಸಿನವರೆಗೆ ಸಾಕು, ಮೇಗಾಣವಕ್ಕೆ ಬೇಡ, ಸ್ಪರ್ಧೆಗೆ ಹೋಪ ಎಂಟು ಮಕ್ಕಳ ಮಾಂತ್ರ ಮಧ್ಯಾಹ್ನ ಕೂರ್ಸಿ ಕಲಿಶಿ ಹೇಳಿ ಆಫೀಸಿಲಿ ಹೇಳಿದ್ದವಡ. ಸ್ವರ ಒಡವ ಮಾಣಿಯಂಗೊ ಎಲ್ಲ ಆ ಪಟ್ಟಿಂದ ಹೆರ.

ಆನು ಪಿಯುಸಿವರೆಗೆ ಓದಿದ್ದು, ಕಾನೂನು ಎನಗೆ ಅರಡಿಯ. ಮಗ ಮೊಬೈಲಿಲಿ ತೆಗದು ಓದಿ ಹೇಳಿದ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅಕೇರಿಲಿ ಒಂದು ಪಟ್ಟಿ ಇದ್ದು. ಆರರಿಂದ ಎಂಟನೇ ಕ್ಲಾಸಿನವರೆಗೆ, ನೂರರಿಂದ ಹೆಚ್ಚು ಮಕ್ಕೊ ಇದ್ದರೆ, ಕಲಾ ಶಿಕ್ಷಣಕ್ಕೆ, ದೈಹಿಕ ಶಿಕ್ಷಣಕ್ಕೆ, ಕಾರ್ಯ ಶಿಕ್ಷಣಕ್ಕೆ 'ಅರೆಕಾಲಿಕ' ಬೋಧಕರು ಇರೆಕ್ಕು ಹೇಳಿ. ಕಾನೂನೇ ಅರೆಕಾಲಿಕ ಹೇಳಿದ ಮೇಲೆ ಶಾಲೆಯವು ಪೂರ್ತಿ ಸಂಬಳ ಎಂತಕೆ ಕೊಡ್ತವು? ಕಲೆ ಹೇಳಿ ಮಾಂತ್ರ ಬರದ ಕಾರಣ ಡ್ರಾಯಿಂಗ್ ಮಾಷ್ಟ್ರು ಒಬ್ಬ ಇದ್ದರೂ ಲೆಕ್ಕ ಚುಕ್ತಾ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಲಿ ಹತ್ತನೇ ಕ್ಲಾಸಿನವರೆಗೆ ಕಲೆ ಎಲ್ಲಾ ಮಕ್ಕೊಗೂ ಒಂದು ವಿಷಯವಾಗಿ ಬೇಕು ಹೇಳಿ ಬರದ್ದವು. 2020ರ ಶಿಕ್ಷಣ ನೀತಿಲಿ ಪಠ್ಯ, ಪಠ್ಯೇತರ ಹೇಳ್ತ ಗೋಡೆಯೇ ಬೇಡ ಹೇಳಿ ಬರದ್ದವು. ಬರದ್ದಕ್ಕೆ ಕೊರತೆ ಇಲ್ಲೆ.

"ಎಲ್ಲೋರಿಂಗೂ ಎಂತಕೆ? ಸ್ವರ ಇಪ್ಪವಕ್ಕೆ ಸಾಕು" ಹೇಳುವವು ಧರ್ಮಸ್ಥಳಲ್ಲಿ ವರ್ಷಕ್ಕೊಂದರಿ ಅಪ್ಪ ಭಜನಾ ತರಬೇತಿ ಕಮ್ಮಟವ ನೋಡೆಕ್ಕು. ಊರೂರಿನ ಭಜನಾ ಮಂಡಳಿಯವು ಬತ್ತವು. ಕೃಷಿಯವು, ಅಂಗಡಿಯವು, ಮನೆವಾರ್ತೆಯ ಹೆಮ್ಮಕ್ಕೊ. ಕೆಲವೇ ದಿನಲ್ಲಿ ಒಂದೇ ಶ್ರುತಿಲಿ, ಒಂದೇ ತಾಳಲ್ಲಿ ಹೇಳುವಷ್ಟು ತಯಾರಾವ್ತವು. ನಲುವತ್ತೈದು ವರ್ಷದವಕ್ಕೆ ಕಲಿವಲೆ ಎಡಿತ್ತಾದರೆ ಹತ್ತು ವರ್ಷದ ಮಗುವಿಂಗೆ ಎಡಿಯದೋ?

ಇನ್ನು ಕಲಿಶುವವರ ಹೆಸರಿನ ವಿಷಯ. ಕದ್ರಿ ಗೋಪಾಲನಾಥ್ ನಮ್ಮ ಬಂಟ್ವಾಳ ತಾಲೂಕಿನ ಸಜಿಪಮೂಡಲ್ಲಿ 1949ರಲ್ಲಿ ಹುಟ್ಟಿದವು. ಅಪ್ಪ ತನಿಯಪ್ಪ ನಾಗಸ್ವರ ನುಡಿಶಿಗೊಂಡಿದ್ದವು. ಮಗ ಮೈಸೂರು ಅರಮನೆಯ ಬ್ಯಾಂಡಿಲಿ ಸ್ಯಾಕ್ಸೋಫೋನು ಕೇಳಿ ಮರುಳಾದ್ದು, 2004ರಲ್ಲಿ ಪದ್ಮಶ್ರೀ ಸಿಕ್ಕಿದ್ದು, 2019ರಲ್ಲಿ ತೀರಿಹೋದ್ದು ಎಲ್ಲ ನವಗೆ ಗೊಂತಿದ್ದು. ಆ ವಿದೇಶದ ವಾದ್ಯಲ್ಲಿ ಕರ್ನಾಟಕ ಸಂಗೀತ ನುಡಿಶುಲೆ ಅವಕ್ಕೆ ಕಲಿಶಿದ ಮಂಗಳೂರು ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ ಹೆಸರು ನಮ್ಮಲ್ಲಿ ಎಷ್ಟು ಜೆನಕ್ಕೆ ನೆಂಪಿದ್ದು? ಕಛೇರಿ ಮಾಡಿದವರ ನಾವು ವಿದ್ವಾನ್ ಹೇಳ್ತು, ಸರಳೆ ವರಸೆ ಹೇಳಿಕೊಟ್ಟವರ 'ಬರೇ ಟೀಚರು' ಹೇಳ್ತು.

ಶಾಲೆಯವರ ಮಾಂತ್ರ ದೂರಿ ಪ್ರಯೋಜನ ಇಲ್ಲೆ. ಅವು ನೋಡುದು ಅಬ್ಬೆ ಅಪ್ಪ ಎಂತ ಕೇಳ್ತವು ಹೇಳಿ. ಪೇರೆಂಟ್ಸ್ ಮೀಟಿಂಗಿಲಿ ನಾವು ಕಂಪ್ಯೂಟರು ಕೇಳ್ತು, ಸ್ಪೋಕನ್ ಇಂಗ್ಲಿಷು ಕೇಳ್ತು, ಬಸ್ಸಿನ ಟೈಮು ಕೇಳ್ತು. ಸಂಗೀತದ ಪಿರೇಡು ಎಷ್ಟು, ಕಲಿಶುವವಕ್ಕೆ ರಜೆಯ ಸಂಬಳ ಕೊಡ್ತಿರೋ, ಜನವರಿಲಿ ಆ ಪಿರೇಡು ಎಲ್ಲಿ ಹೋವ್ತು ಹೇಳಿ ಈವರೆಗೆ ಒಬ್ಬ ಅಬ್ಬೆಯೂ ಕೇಳಿದ್ದಿಲ್ಲೆಡ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಹೊಡೆಲಿ ಮಕ್ಕಳ, ಪುಳ್ಳಿಯಕ್ಕಳ ಪ್ರೈವೇಟು ಶಾಲೆಗೆ ಹಾಕಿದ ಅಕ್ಕಂದ್ರು ನಿಂಗೊ ಸುಮಾರು ಜೆನ ಇದ್ದಿ. ಜೂನಿಲಿ ಟೈಮ್ ಟೇಬಲು ಕೊಡ್ತವನ್ನೆ, ಅದರಲ್ಲಿ ನೋಡಿ. ಇಲ್ಲದ್ದರೆ ಕೇಳಿ. ಇಬ್ರು ಕೇಳಿರೆ ಸುಮ್ಮನೆ ಬಿಡುಗು, ಹತ್ತು ಜೆನ ಕೇಳಿರೆ ಉತ್ತರ ಹುಡ್ಕೆಕ್ಕಾವ್ತು.

ಕೂಸು ಇನ್ನೂ ಉತ್ತರ ಕೊಟ್ಟಿದಿಲ್ಲೆ, ಮೇ 15ರ ಒಳ ಹೇಳೆಕ್ಕಡ. "ದೊಡ್ಡಮ್ಮಾ, ಆನೆಂತ ಮಾಡಲಿ?" ಕೇಳಿತ್ತು. ಎರಡು ದಿನಕ್ಕೆ ಒಪ್ಪೆಡ ಹೇಳಿದೆ ಆನು. ಎಲ್ಲಾ ಕ್ಲಾಸಿಂಗೂ ವಾರಕ್ಕೆ ಒಂದು ಪಿರೇಡು, ಹನ್ನೆರಡು ತಿಂಗಳ ಸಂಬಳ, ಶಾಲೆಯ ಪೈಸೆಲಿ ಒಂದು ಮೈಕು, ಈ ಮೂರನ್ನೂ ಕಾಗದಲ್ಲಿ ಬರದು ಕೊಡು. ಬಾಯಿಲಿ ಹೇಳಿರೆ ಮಳೆಗಾಲ ಮುಗಿವನ್ನಾರ ಮರದು ಹೋಕು. ಅವು ಎಡಿಯ ಹೇಳಿರೆ, ಬೆಳ್ತಂಗಡಿ ಹೊಡೆಲಿ ಇನ್ನೊಂದು ಶಾಲೆಯವು ಸಂಗೀತಕ್ಕೆ ಜೆನ ಹುಡ್ಕುತ್ತಾ ಇದ್ದವಡ. ಬಸ್ಸಿಲಿ ಅರ್ಧ ಗಂಟೆ ಹೆಚ್ಚು ಕೂರೆಕ್ಕಕ್ಕು, ಅಷ್ಟೇ.