ತಗ್ಗಿದ ದನಿ ಮತ್ತು ವಾಟ್ಸ್‌ಆ್ಯಪ್ ಗ್ರೂಪು

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಆರನೇ ಕ್ಲಾಸಿನ ಅಳಿಯ ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂತಿದ್ದ. ಏನಾಯ್ತೋ ಅಂದರೆ ಉತ್ತರವಿಲ್ಲ. ಆಮೇಲೆ ಅಕ್ಕ ಹೇಳಿದಳು. ಅವನ ಲೆಕ್ಕದ ಹೋಂವರ್ಕಿನ ಫೋಟೋಗೆ ಕೆಂಪು ಗೀಟು ಎಳೆದು, ಟೀಚರು ಅದನ್ನು ಇಡೀ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೇ ಹಾಕಿದ್ದರಂತೆ. ಅಷ್ಟೂ ಮನೆಗಳ ಅಪ್ಪ ಅಮ್ಮಂದಿರು ನೋಡಿದರು. ಇದು ಪಾದ್ರಿಗಳು ನಡೆಸುವ ಹಳೇ ಶಾಲೆ, ಹೆಸರು ಬೇಡ ಬಿಡಿ. ಗೇಟಿನ ಮೇಲೆ 'ಡಿಜಿಟಲ್ ಕ್ಯಾಂಪಸ್' ಅಂತ ಬೋರ್ಡು ಬೇರೆ!

ಈ ಶಾಲೆಯವರು ಮಾತೆತ್ತಿದರೆ 'ನಮ್ಮ ಪರಂಪರೆ' ಅನ್ನುತ್ತಾರೆ. ಸರಿ, ಪರಂಪರೆಯನ್ನೇ ನೋಡೋಣ. ಕ್ಯಾಥೊಲಿಕ್ ಶಾಲೆಗಳ ಮಾತು ಬಂದರೆ ಮೊದಲು ನೆನಪಾಗುವವರು ಜೆಸ್ವಿಟರು. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದವರೂ ಇವರೇ. ತಮ್ಮ ಶಾಲೆಗಳು ಹೇಗೆ ನಡೀಬೇಕು ಅಂತ 1599ರಲ್ಲೇ 'ರೇಶಿಯೊ ಸ್ಟುಡಿಯೋರುಮ್' ಅನ್ನೋ ನಿಯಮಾವಳಿ ಮಾಡಿಟ್ಟಿದ್ದರು. ಕೆಳಗಿನ ತರಗತಿಯ ಮೇಷ್ಟ್ರುಗಳಿಗೆ ಅದರಲ್ಲೊಂದು ಸೂಚನೆ ಇದೆ: ಹುಡುಗರು ಬರೆದದ್ದನ್ನು ತಿದ್ದುವಾಗ ಒಬ್ಬೊಬ್ಬನ ಜೊತೆಗೂ ತಗ್ಗಿದ ದನಿಯಲ್ಲಿ ಮಾತಾಡಿ ತಿದ್ದಬೇಕು, ಅಷ್ಟು ಹೊತ್ತು ಉಳಿದವರು ತಮ್ಮ ಅಭ್ಯಾಸದಲ್ಲಿರಬೇಕು.

ತಗ್ಗಿದ ದನಿ! ನಾನೂರು ವರ್ಷದ ಹಿಂದೆ!

ಹಾಗಂತ ಆ ಕಾಲವೇನು ಸ್ವರ್ಗವಲ್ಲ. ಮಕ್ಕಳಿಗೆ ಹೊಡೆಯಬೇಕಾದರೆ ಸಭೆಗೆ ಸೇರದ ಹೊರಗಿನವನೊಬ್ಬನನ್ನು ಇಟ್ಟುಕೊಳ್ಳಿ ಅಂತಲೂ ಅದೇ ಪುಸ್ತಕ ಹೇಳುತ್ತೆ. ಪಾದ್ರಿಗಳ ಕೈ ಚೊಕ್ಕ, ಹುಡುಗನ ಬೆನ್ನು ಮಾತ್ರ ಕೆಂಪು.

ಇವನು ಕಂಪ್ಯೂಟರ್ ವಿರೋಧಿ ಅಂದುಕೊಳ್ಳಬೇಡಿ. 2010ರಲ್ಲಿ ಕೆನ್ಯಾದ ಕಾಕುಮಾ ನಿರಾಶ್ರಿತರ ಶಿಬಿರದಲ್ಲಿ ಇದೇ ಜೆಸ್ವಿಟರು ಅಂತರ್ಜಾಲದ ಮೂಲಕ ಕಾಲೇಜು ಪಾಠ ಶುರು ಮಾಡಿದರು. ಶಿಬಿರ ಬಿಟ್ಟು ಕಾಲೇಜಿಗೆ ಹೋಗಲಾರದವರ ಹತ್ತಿರಕ್ಕೆ ಕಾಲೇಜೇ ಬಂತು. ಡಿಜಿಟಲ್ ಅಂದರೆ ಅದು ಸ್ವಾಮಿ. ನಮ್ಮಲ್ಲಿ 2020ರ ಲಾಕ್‌ಡೌನಿನಲ್ಲಿ ಆಗಿದ್ದು ಉಲ್ಟಾ. ಮನೆಯಲ್ಲಿ ಎರಡನೇ ಫೋನಿಲ್ಲದ ಮಗು ಶಾಲೆಯಿಂದಲೇ ದೂರವಾಯಿತು.

2025ರ ಜನವರಿಯಲ್ಲಿ ವ್ಯಾಟಿಕನ್ 'ಆಂಟಿಕ್ವಾ ಎಟ್ ನೋವಾ' ಅಂತ ಕೃತಕ ಬುದ್ಧಿಮತ್ತೆಯ ಬಗ್ಗೆ ಒಂದು ಟಿಪ್ಪಣಿ ಹೊರಡಿಸಿತು. ಎದುರಿಗೆ ನಿಂತ ಮೇಷ್ಟ್ರಿಂದ ಹುಟ್ಟುವ ಸಂಬಂಧವನ್ನು ಯಂತ್ರ ಕೊಡಲಾರದು ಅಂತ ಅದರಲ್ಲೂ ಇದೆ. ರೋಮಿಗೆ ಗೊತ್ತಿರೋದು ನಮ್ಮೂರಿನ ಮ್ಯಾನೇಜ್‌ಮೆಂಟಿಗೆ ಯಾಕೆ ಗೊತ್ತಾಗಲ್ಲ?

ಟೀಚರನ್ನು ಬಯ್ಯೋಕೆ ಮನಸ್ಸು ಬರಲಿಲ್ಲ. ನಾಲ್ಕು ಸೆಕ್ಷನ್ನಿಗೆ ಅವರೊಬ್ಬರೇ. ಸ್ಮಾರ್ಟ್‌ಬೋರ್ಡಿಗೆ ದುಡ್ಡಿದೆ, ಇನ್ನೊಬ್ಬ ಟೀಚರಿಗೆ ಸಂಬಳ ಕೊಡೋಕಿಲ್ಲ. ಆದರೆ ಅಕ್ಕನ ನಂಬರ್ ಅವರ ಹತ್ತಿರ ಇತ್ತಲ್ಲ, ಆ ಫೋಟೋ ಅವಳೊಬ್ಬಳಿಗೇ ಕಳಿಸಬಹುದಿತ್ತು. ಅದಕ್ಕೆ ಯಾವ ಹೊಸ ಸಾಫ್ಟ್‌ವೇರೂ ಬೇಕಿರಲಿಲ್ಲ.

ಅಂದಹಾಗೆ ಅಳಿಯನ ಲೆಕ್ಕ ತಪ್ಪಿದ್ದು ದಶಮಾಂಶದ ಚುಕ್ಕಿಯಲ್ಲಿ. ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆ. ಎರಡು ನಿಮಿಷ ಹಿಡಿಯಿತು.